ಡಿಕೋಟೊ ಶೈಲಿಯ ಅಗ್ಗದ ಹಾರರ್: ಗಂಡಸಿನ ಮೈ, ನೀಲಿ ಬೆಳಕು, ಉದ್ದ ಕಾರಿಡಾರು. ಬೀದರ್ ವಾಡೆಯೊಳಗ ಇದು ಆಗ್ತದೇನ್ರಿ?

ಪಡಸಾಲಿ:
ಅಮೆರಿಕದ ನಿರ್ದೇಶಕ ಡೇವಿಡ್ ಡಿಕೋಟೊನ ಹಾರರ್ ನೋಡಿದವರಿಗೆ ಕೇಳಬೇಕಾಗ್ಯದ. ‘ವೂಡೂ ಅಕಾಡೆಮಿ’ (2000), ‘ದ ಬ್ರದರ್‌ಹುಡ್’ (2001), ‘ಲೀಚಸ್!’ (2003), ಆಮ್ಯಾಲ 2011ರಿಂದ ಸಾಲುಸಾಲಾಗಿ ಬಂದ ‘1313’ ಸಿನಿಮಾಗಳು. ಬರೇ ಒಳಚಡ್ಡಿ ಮ್ಯಾಲ ಒಬ್ಬ ಗಂಡಸು ನೀಲಿ ಬೆಳಕಿನ್ಯಾಗ ನಿಧಾನ ನಡ್ಕೊಂತ ಹೋಗ್ತಾನ, ಹಾಸಿಗಿ ಮ್ಯಾಲ ಹೊರಳಾಡ್ತಾನ, ಹೊರಗ ಗುಡುಗು. ‘1313’ನ್ಯಾಗಂತೂ ಅದೇ ಬಂಗಲೆ ಮತ್ತ ಮತ್ತ ಕಾಣ್ತದ. ಇದು ಬರೇ ವ್ಯಾಳ್ಯಾ ತುಂಬಸೋ ಕೆಲಸೋ, ಇದರೊಳಗ ಕಲಿಯೋದು ಏನಾದ್ರೂ ಅದನೋ?

ಕೇಳೋ ಕಾರಣ: ಬೀದರ್ ಕಡಿ ಒಂದು ಹಳೇ ಕಲ್ಲಿನ ವಾಡೆಯೊಳಗ 15 ನಿಮಿಷದ ಕಿರುಚಿತ್ರ ಆಗೋದದ. ಇಬ್ಬರು ಗಂಡಸರು, ಒಂದು ದೆವ್ವ. ಅವರಿಬ್ಬರ ನಡುವಿನ ಸೆಳೆತ ಮಾತಿಲ್ಲದ ತಿಳೀಬೇಕು, ಹೆದರಿಕಿನೂ ಅಲ್ಲಿಂದನೇ ಹುಟ್ಟಬೇಕು. 4 ರಾತ್ರಿ, ಒಂದು ಮಿರರ್‌ಲೆಸ್ ಕ್ಯಾಮೆರಾ, 60 ವ್ಯಾಟಿನ 2 ಎಲ್‌ಇಡಿ ಪ್ಯಾನೆಲ್. ಗೊತ್ತಿದ್ದವರು ಬಿಡಿಸಿ ಹೇಳ್ರಿ.

ರಾತ್ರಿಪಾಳಿ:
ವ್ಯಾಳ್ಯಾ ತುಂಬಸೋದೇ. 70-75 ನಿಮಿಷ ಮುಟ್ಟಲಿಲ್ಲಂದ್ರ ಅದನ್ನ ಪೂರ್ಣ ಸಿನಿಮಾ ಅಂತ ಯಾರೂ ಕೊಳ್ಳಂಗಿಲ್ಲ. ಕಾರಿಡಾರು ಪುಕ್ಕಟೆ ಸಿಗ್ತದ, ನಡಿಗಿನೂ ಪುಕ್ಕಟೆ.

ಕಾಗಿಣಾ ದಂಡಿ:
ಪೂರಾ ಒಪ್ಪಂಗಿಲ್ಲ. ಅವ ಎಲ್ಲಿಂದ ಬಂದ ಅಂತ ನೋಡ್ರಿ. ಅಗ್ಗದ ಸಿನಿಮಾಕ್ಕ ಹೆಸರಾದ ನಿರ್ಮಾಪಕ ರೋಜರ್ ಕಾರ್ಮನ್‌ನ ನ್ಯೂ ವರ್ಲ್ಡ್ ಕಂಪನಿಯೊಳಗ ಕೆಲಸ ಕಲ್ತು, ಅಂಥದೇ ಇನ್ನೊಬ್ಬ ನಿರ್ಮಾಪಕ ಚಾರ್ಲ್ಸ್ ಬ್ಯಾಂಡ್‌ನ ಹಂತ್ಯಾಕ ಬಂದವ. ‘ಕ್ರೀಪೊಜಾಯ್ಡ್ಸ್’ (1987), ‘ಸೊರೊರಿಟಿ ಬೇಬ್ಸ್ ಇನ್ ದ ಸ್ಲೈಮ್‌ಬಾಲ್ ಬೌಲ್-ಓ-ರಾಮಾ’ (1988) ಇವೆಲ್ಲ ಹೆಣ್ಣಿನ ಮೈ ತೋರಿಸಿ ಮಾರಿದ ವಿಡಿಯೊ ಅಂಗಡಿ ಸರಕು. 1991ಕ್ಕ ಕೊಲ್ಲೋ ಗೊಂಬಿಗಳ ಹಾರರ್ ಸರಣಿ ‘ಪಪೆಟ್ ಮಾಸ್ಟರ್’ನ ಮೂರನೇ ಭಾಗ. ನಡುವ ಎಲೆನ್ ಕ್ಯಾಬಟ್, ಜೂಲಿಯನ್ ಬ್ರೀನ್ ಅಂತ ಬ್ಯಾರೆ ಹೆಸರಿಟ್ಕೊಂಡೂ ಸಿನಿಮಾ ಮಾಡ್ಯಾನ. 1997ಕ್ಕ ‘ಲೆದರ್ ಜಾಕೆಟ್ ಲವ್ ಸ್ಟೋರಿ’, ಕಪ್ಪು-ಬಿಳುಪಿನ ಖುಲ್ಲಾ ಸಲಿಂಗ ಪ್ರೇಮಕಥಿ. ಅದಾದ ಮ್ಯಾಲ ‘ವೂಡೂ ಅಕಾಡೆಮಿ’.

ಅಂದ್ರ ಹೆಣ್ಣನ್ನ ಹೆಂಗ ತೋರಿಸಿ ಮಾರ್ತಾರ ಅನ್ನೋ ವಿದ್ಯಾ ಅವನ ಕೈಯಾಗ ಹತ್ತು ವರ್ಷ ಪಳಗಿತ್ತು. ಅದೇ ವಿದ್ಯಾ ಎತ್ತಿ ಗಂಡಸಿನ ಮ್ಯಾಲ ಹಚ್ಚಿದ. ಆ ಹಾರರ್ ಸಿನಿಮಾದೊಳಗ ಪೂರ್ತಿ ಬೆತ್ತಲೆ ಇಲ್ಲ, ಸಂಭೋಗ ಇಲ್ಲ. ಹಿಂಗಾಗಿ ಆ ವಿಡಿಯೊ ಡಬ್ಬಿ ಸಾದಾ ಹಾರರ್ ಕಪಾಟಿನ್ಯಾಗೇ ಕೂಡ್ತು. ಯಾರು ಯಾಕ ಒಯ್ದಾರ ಅಂತ ಅಂಗಡಿಯವ ಕೇಳೋ ಪ್ರಶ್ನೆನೇ ಇಲ್ಲ. ಮನಿಯೊಳಗ ಹೇಳ್ಕೊಳ್ಳಾಕ ಆಗದವರಿಗೆ ಇದು ಸಣ್ಣ ಮಾತಲ್ಲ.

ನೋಟಗಾರ:
ಕಾರಿಡಾರಿನ ಪ್ರಶ್ನೆಗೆ ಬರ್ತೀನಿ. ಹಾರರ್‌ನಲ್ಲಿ ಕ್ಯಾಮೆರಾಗೆ ಬೇರೆ ಯಾವ ಪ್ರಕಾರದಲ್ಲೂ ಸಿಗದ ಒಂದು ಪರವಾನಗಿ ಇದೆ. ಕತ್ತಲಲ್ಲಿ ಯಾರೋ ಕದ್ದು ನೋಡ್ತಿದ್ದಾರೆ ಅಂದ ತಕ್ಷಣ ಎಷ್ಟು ಹೊತ್ತು ಬೇಕಾದರೂ ಒಂದು ಮೈಯನ್ನು ನೋಡಬಹುದು. ‘ಹ್ಯಾಲೋವೀನ್’ (1978) ಶುರುವಾಗೋದೇ ಕೊಲೆಗಾರನ ಕಣ್ಣಿಂದ, ಆ ಕಣ್ಣು ಒಬ್ಬ ಹುಡುಗಿಯ ಬೆನ್ನು ಹತ್ತುತ್ತೆ. ಡಿಕೋಟೊ ಆ ಕಣ್ಣನ್ನ ಗಂಡಸಿನ ಕಡೆ ತಿರುಗಿಸಿದ.

ಅವನ ಸಿನಿಮಾ ಸೋಲೋದು ಎಲ್ಲಿ ಅಂದರೆ, ಎಷ್ಟೋ ಸಲ ನೋಡುವವನೇ ಇರಲ್ಲ. ಮೈ ಇದೆ, ಬೆಳಕಿದೆ, ಯಾರ ಕಣ್ಣು ಅಂತ ಗೊತ್ತಾಗಲ್ಲ. ಆಗ ಅದು ಒಳಉಡುಪಿನ ಜಾಹೀರಾತು ಆಗಿಬಿಡುತ್ತೆ. ನಿಮ್ಮ 15 ನಿಮಿಷದಲ್ಲಿ ಇದಕ್ಕೆ ಜಾಗ ಇಲ್ಲ. ಹೀಗೆ ಕಟ್ಟಿ:

ಮೊದಲು ನೋಡುವವನ ಮುಖ, 2 ಸೆಕೆಂಡ್. ಆಮೇಲೆ ಅವನು ನೋಡ್ತಿರೋದು, 6ರಿಂದ 8 ಸೆಕೆಂಡ್, ಅವನು ನಿಂತ ಎತ್ತರದಿಂದಲೇ. ಆಮೇಲೆ ವಾಪಸ್ ನೋಡುವವನ ಕಡೆ, ಮತ್ತು ಅಲ್ಲಿ ಏನೋ ಬದಲಾಗಿರಬೇಕು. ಮೊದಲ ಸಲ ಮುಖಭಾವ ಬದಲಾಗಲಿ. ಎರಡನೇ ಸಲ ಅವನ ಹಿಂದೆ ಬಾಗಿಲು ತೆರೆದಿರಲಿ. ಮೂರನೇ ಸಲ ಅವನ ಜಾಗವೇ ಖಾಲಿ ಇರಲಿ, ಆದರೆ ಎದುರು ಶಾಟ್ ಮಾತ್ರ ಅದೇ ಎತ್ತರದಿಂದ ಮುಂದುವರಿಯಲಿ. ಇಷ್ಟು ಹೊತ್ತು ಆಸೆಯಿಂದ ನೋಡಿದ ಕಣ್ಣು ಯಾರದು ಅನ್ನೋ ಪ್ರಶ್ನೆ ಅಲ್ಲಿ ಏಳುತ್ತೆ. ಸೆಳೆತ ಮತ್ತು ಭಯ ಎರಡಕ್ಕೂ ಅದೇ ಶಾಟ್ ಸಾಕು, ಖರ್ಚಿಲ್ಲ.

ಪಡಸಾಲಿ:
ಇದು ಬೇಕಾಗಿತ್ತು. ವಾಡೆಯ ಪಡಸಾಲಿ ಉದ್ದ ಸುಮಾರು 12 ಮೀಟರ್ ಅದ. ನಡಿಗಿ ಸಾಲ್ತದೇನು?

ಗುಡ್ಡದ ಯಾದಗಿರಿ:
ಸಾದಾ ನಡಿಗೆ ಸೆಕೆಂಡಿಗೆ 1.4 ಮೀಟರ್ ಹಿಡಿದರೆ 12 ಮೀಟರ್‌ಗೆ 8-9 ಸೆಕೆಂಡ್. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು 25ರಲ್ಲಿ ಓಡಿಸಿದರೆ 17 ಸೆಕೆಂಡ್ ಬರುತ್ತೆ. ನಟನಿಗೆ ನಿಧಾನ ನಡಿ ಅಂತ ಹೇಳಬೇಡಿ, ಬೇಕಂತಲೇ ನಿಧಾನ ನಡೆಯೋ ಮೈ ತೂಗಾಡುತ್ತೆ.

ಇಲ್ಲಿ ಎಲ್ಲರೂ ಬೀಳೋ ಹಳ್ಳ ಒಂದಿದೆ. ಅಮೆರಿಕದ ಪಾಠ ನೋಡಿ 24 ಅಥವಾ 60 ಫ್ರೇಮ್ ಇಡ್ತಾರೆ. ಅಲ್ಲಿ ಕರೆಂಟು 60 ಹರ್ಟ್ಜ್, ನಮ್ಮಲ್ಲಿ 50. 60 ಫ್ರೇಮ್‌ಗೆ 1/120 ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಸಮಯ, ಸೆಕೆಂಡಿನ ಲೆಕ್ಕದಲ್ಲಿ) ಇಟ್ಟರೆ ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟ್ ಕೆಳಗೆ ಪರದೆ ಮೇಲೆ ಪಟ್ಟೆ ಹರಿದಾಡುತ್ತೆ, ಎಡಿಟಿಂಗ್‌ನಲ್ಲಿ ಸುಲಭಕ್ಕೆ ಹೋಗಲ್ಲ. 25 ಫ್ರೇಮ್‌ಗೆ 1/50, 50 ಫ್ರೇಮ್‌ಗೆ 1/100. ಇದರಿಂದ ಆಚೆ ಹೋಗಬೇಡಿ. ಪ್ಯಾನೆಲ್‌ನ ಬೆಳಕು ಶೇ 20ಕ್ಕಿಂತ ಕಡಿಮೆ ಮಾಡಿದರೆ ಕೆಲವು ಅಲ್ಲೂ ಮಿನುಗುತ್ತವೆ. ಹಾಗಾಗಿ ಬೆಳಕು ಇಳಿಸೋ ಬದಲು ಪ್ಯಾನೆಲ್ ದೂರ ಸರಿಸಿ.

ರಾತ್ರಿಪಾಳಿ:
ನೀಲಿ ಬೆಳಕಿನ ಬಗ್ಗೆನೂ ಹೇಳಬೇಕು. ಅವನ ಸಿನಿಮಾದೊಳಗ ಬಹುತೇಕ ಬಿಳಿ ಮೈಯವರು. ಅದೇ ನೀಲಿ ನಮ್ಮ ಕಂದು ಮೈ ಮ್ಯಾಲ ಬಿದ್ರ ಬೂದಿ ಬಡದಂಗ ಕಾಣ್ತದ.

ಗುಡ್ಡದ ಯಾದಗಿರಿ:
ನೀಲಿ ಎದುರಿಂದ ಬಿದ್ದರೆ ಮಾತ್ರ ಹಾಗೆ. ಕಂದು, ಕಪ್ಪು ಮೈಯ ಆಕಾರ ಕಾಣೋದು ಬೆಳಕಿನ ಪ್ರಮಾಣದಿಂದ ಅಲ್ಲ, ಹೊಳಪಿನಿಂದ. ನೀಲಿಯನ್ನ ಹಿಂದಿನಿಂದ, ಮುಕ್ಕಾಲು ಪಾಲು ಬೆನ್ನ ಕಡೆಯಿಂದ ಬಿಡಿ, ಭುಜ ಮತ್ತು ಕತ್ತಿನ ಅಂಚು ಮಾತ್ರ ಹಿಡಿಯುವ ಹಾಗೆ. ಮುಖದ ಪಕ್ಕಕ್ಕೆ 1 ಮೀಟರ್ ದೂರದಲ್ಲಿ ಬಿಳಿ ಧೋತರ ಕಟ್ಟಿ, ಎರಡನೇ ಪ್ಯಾನೆಲ್‌ನ 3200 ಕೆಲ್ವಿನ್‌ನಲ್ಲಿ, ಅಂದರೆ ಹಳದಿ ಛಾಯೆಯ ಬಿಸಿ ಬಣ್ಣದಲ್ಲಿ, ಆ ಬಟ್ಟೆಗೆ ಹೊಡೆಯಿರಿ. ದೊಡ್ಡ ಮೆತ್ತನೆ ಬೆಳಕು ಎದೆ ಮೇಲೆ ಉದ್ದಕ್ಕೆ ಹೊಳಪಾಗಿ ಮೂಡುತ್ತೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 4300 ಹತ್ತಿರ ಇಟ್ಟರೆ ನೀಲಿ ನೀಲಿಯಾಗೇ, ಬಿಸಿ ಬಿಸಿಯಾಗೇ ಉಳಿಯುತ್ತೆ.

ನಟನ ಮೈಮೇಲೆ ಬಿಳಿ ಬಟ್ಟೆ ಇದ್ದರೆ ಇನ್ನೊಂದು ತೊಂದರೆ. ಮೈಗೆ ಎಕ್ಸ್‌ಪೋಷರ್ ಸರಿ ಮಾಡಿದರೆ ಬಟ್ಟೆ ಉರಿದುಹೋಗುತ್ತೆ. ತಿಳಿ ಚಹಾ ಡಿಕಾಕ್ಷನ್‌ನಲ್ಲಿ 10 ನಿಮಿಷ ಅದ್ದಿ ಒಣಗಿಸಿ. ಕಣ್ಣಿಗೆ ಮಾಸಿದ ಹಾಗಿದ್ದರೂ ಕ್ಯಾಮೆರಾದಲ್ಲಿ ಬಿಳಿಯಾಗೇ ಕಾಣುತ್ತೆ.

ಸುರಪುರದಾಕಿ:
ಬೆಳಕು ಕ್ಯಾಮೆರಾ ಎಲ್ಲಾ ಖರೇ, ಆದ್ರ ನೀವು ಈ ಡಿಕೋಟೊನ್ನ ಭಾಳ ಮ್ಯಾಲ ಏರಿಸ್ಲಿಕ್ಕತ್ತೀರಿ. ಅವನ ಹಾರರ್‌ನ್ಯಾಗ ಇಬ್ಬರು ಗಂಡಸರು ಎದುರಾಬದುರು ನಿಂತು ಪ್ರೀತಿ ಅಂತ ಒಂದು ಮಾತು ಆಡ್ತಾರೇನು? ಬಹುಪಾಲು ಪಾತ್ರಗಳು ಮ್ಯಾಲ್ಮ್ಯಾಲ ಹುಡುಗ್ಯಾರ ಹಿಂದ ಬಿದ್ದವೇ. ಸೆಳೆತ ಬರೇ ನೋಡುವವರ ಪಾಲಿಗೆ, ಪಾತ್ರಗಳ ಪಾಲಿಗೆ ಏನೂ ಇಲ್ಲ. ಅದೇ 2004ರ ‘ಹೆಲ್‌ಬೆಂಟ್’ ನೋಡ್ರಿ. ಪಾಲ್ ಎಥರೆಜ್-ಔಟ್ಸ್ ಮಾಡಿದ ಸ್ಲ್ಯಾಶರ್ (ಕೊಲೆಗಾರ ಒಬ್ಬೊಬ್ಬರನ್ನೇ ಕೊಲ್ಲೋ ಹಾರರ್), ವೆಸ್ಟ್ ಹಾಲಿವುಡ್‌ನ ಹ್ಯಾಲೋವೀನ್ ರಾತ್ರಿ. ಪಾತ್ರಗಳು ಸಲಿಂಗಿಗಳೇ, ಅದನ್ನ ಮುಚ್ಚಿಡೋದಿಲ್ಲ, ಕಥಿ ಅದರ ಮ್ಯಾಲ ಅಳಕೋತ ಕೂಡೋದೂ ಇಲ್ಲ. ಮುಚ್ಚುಮರೆ ಇಲ್ದೇನೂ ಹೆದರಸಬಹುದು.

ಹೆಣ್ಣುಮಕ್ಕಳ ಕಡಿದು ಇನ್ನಷ್ಟು ಹಳೇ ಲೆಕ್ಕ. ಹೆಣ್ಣನ್ನ ಬಯಸೋ ಹೆಣ್ಣು ರಕ್ತಪಿಶಾಚಿಯ ಕಥಿ, ಲೆ ಫಾನುನ ‘ಕಾರ್ಮಿಲಾ’, ಬಂದದ್ದು 1871-72ರಾಗ. ಅದನ್ನ ಬ್ರಿಟನ್ನಿನ ಹ್ಯಾಮರ್ ಕಂಪನಿ 1970ಕ್ಕ ‘ದ ವ್ಯಾಂಪೈರ್ ಲವರ್ಸ್’ ಮಾಡ್ತು. ಮರುವರ್ಷನೇ ಜೆಸ್ ಫ್ರಾಂಕೊನ ‘ವ್ಯಾಂಪೈರೋಸ್ ಲೆಸ್ಬೋಸ್’, ಹ್ಯಾರಿ ಕ್ಯೂಮೆಲ್‌ನ ‘ಡಾಟರ್ಸ್ ಆಫ್ ಡಾರ್ಕ್‌ನೆಸ್’. ಎಲ್ಲಾ ಗಂಡು ನಿರ್ದೇಶಕರು. ಹೆಣ್ಣು ಹೆಣ್ಣನ್ನ ಬಯಸೋದು ಗಂಡಸರ ಕಣ್ಣಿಗೆ ಹಬ್ಬ ಅಂತ ಮಾಡಿದ್ದೇ ಹೆಚ್ಚು. ಕ್ಯೂಮೆಲ್‌ನದು ಮಾತ್ರ ನನ್ನ ಪ್ರಕಾರ ಆ ಸಾಲಿನಿಂದ ಎದ್ದು ಹೊರಗ ನಿಲ್ತದ. ಅದರೊಳಗಿನ ರಕ್ತ ಹೀರೋ ಕೌಂಟೆಸ್‌ಗೆ ಬಯಕಿ ಅದ, ಬುದ್ಧಿನೂ ಅದ, ಪರದಾದ ಮ್ಯಾಲ ಅಕಿನೇ ಎಲ್ಲಾರನ್ನೂ ನೋಡ್ತಾಳ.

ಕಾಗಿಣಾ ದಂಡಿ:
ಆ ಕಡಿ ವ್ಯತ್ಯಾಸನೂ ಇದೇ ಅಲ್ಲೇನ್ರಿ. ಡಿಕೋಟೊ ಖುಲ್ಲಾ ಸಲಿಂಗಿ. ಗಂಡಸಿನ ಮೈನ ಗಂಡಸಿನ ಆಸೆಯಿಂದ ನೋಡೋದು ಹೆಂಗಂತ ಅವನಿಗೆ ಗೊತ್ತು. ಪಾತ್ರಕ್ಕ ಮಾತಿಲ್ಲ ಅನ್ನೋದು ಒಪ್ಪಿದೆ.

ಸುರಪುರದಾಕಿ:
ಪಾತ್ರಕ್ಕ ಮಾತಿಲ್ಲಂದ್ರ ಅರ್ಧ ಸಿನಿಮಾ ಇಲ್ಲ.

ಹಳೇ ಪ್ರೊಜೆಕ್ಟರ್:
ಆಂಡಿ ಮಿಲಿಗನ್ ಹೆಸರು ಯಾರೂ ಎತ್ತಲಿಲ್ಲ! ಅಗ್ಗದ ಹಾರರ್, ಸಲಿಂಗಿ ನಿರ್ದೇಶಕ ಅಂದರೆ ನ್ಯೂಯಾರ್ಕಿನ ಈ ಮನುಷ್ಯನಿಂದಲೇ ಶುರು ಮಾಡಬೇಕು. 1965ರ ‘ವೇಪರ್ಸ್’ ಪೂರ್ತಿ ನಡೆಯೋದು ಗಂಡಸರ ಸ್ನಾನಗೃಹದಲ್ಲಿ. ಅದು ಹಾರರ್ ಅಲ್ಲ, ಇಬ್ಬರು ಅಪರಿಚಿತರ ಮಾತುಕತೆ. ಹಾರರ್ ಶುರುವಾಗಿದ್ದು ‘ದ ಘಾಸ್ಟ್ಲಿ ಒನ್ಸ್’ (1968) ಹೊತ್ತಿಗೆ. ಸ್ಟೇಟನ್ ಐಲ್ಯಾಂಡ್‌ನಲ್ಲಿ ಚಿತ್ರೀಕರಣ, ಕ್ಯಾಮೆರಾ ಅವನದೇ ಕೈ, ಹಳೇ ಕಾಲದ ವೇಷಭೂಷಣ ಹೊಲಿಯೋದೂ ಅವನೇ.

ಅವನ ಸಿನಿಮಾದಲ್ಲಿ ಮಾತು ಯಾಕೆ ಕಡಿದು ಕಡಿದು ಬರುತ್ತೆ ಅಂತ ಬೈಯೋರು ಕ್ಯಾಮೆರಾ ನೋಡಬೇಕು. ಆರಿಕಾನ್ 16 ಎಂಎಂ, ಟಿವಿ ಸುದ್ದಿಯವರು ಬಳಸ್ತಿದ್ದದ್ದು. ಧ್ವನಿ ಅದೇ ಫಿಲ್ಮ್ ಮೇಲೆ ದಾಖಲಾಗುತ್ತೆ, ಆದರೆ ಚಿತ್ರದ ಪಕ್ಕದಲ್ಲಿ ಅಲ್ಲ. ಆಪ್ಟಿಕಲ್ (ಬೆಳಕಿನ ಗೆರೆಯಾಗಿ ಮೂಡೋ ಧ್ವನಿ) ಆದರೆ 26 ಫ್ರೇಮ್ ಮುಂದೆ, ಮ್ಯಾಗ್ನೆಟಿಕ್ (ಅಯಸ್ಕಾಂತ ಪಟ್ಟಿಯ ಧ್ವನಿ) ಆದರೆ 28. ಅಂದರೆ ಒಂದು ಸೆಕೆಂಡಿಗಿಂತ ಹೆಚ್ಚು. ಚಿತ್ರ ನೋಡಿ ಕತ್ತರಿ ಹಾಕಿದರೆ ಮುಂದಿನ ಶಾಟ್‌ನ ಮೊದಲ ಮಾತು ತುಂಡಾಗುತ್ತೆ, ಬಾಯಿ ಆಡಿದರೂ ಅದರ ಧ್ವನಿ ಇರಲ್ಲ. ತಪ್ಪಿಸೋಕೆ ನಟರು ಮಾತಿಗೆ ಮುಂಚೆ, ಮಾತಾದ ಮೇಲೆ ಒಂದೂವರೆ ಸೆಕೆಂಡ್ ಸುಮ್ಮನಿರಬೇಕು. ಮಿಲಿಗನ್ ಪಾತ್ರಗಳು ಒಂದೇ ಉಸಿರಲ್ಲಿ ಕಿರುಚಾಡೋರು, ಸುಮ್ಮನಿರೋದೆಲ್ಲಿ!

ನೋಟಗಾರ:
ಮಿಲಿಗನ್ ದೊಡ್ಡವನೇ, ಆದರೆ ಪ್ರಶ್ನೆ ಮೈಯ ಸೆಳೆತದ್ದು. ಅವನ ಹಾರರ್‌ನಲ್ಲಿ ಅದು ಕಡಿಮೆ. ಅಲ್ಲಿರೋದು ಕುಟುಂಬದ ಮೇಲಿನ ದ್ವೇಷ: ತಾಯಿ, ಅಣ್ಣತಮ್ಮಂದಿರು, ಆಸ್ತಿ, ಕೊಡಲಿ. ‘ವೇಪರ್ಸ್’ನ ಆ ಕೋಮಲತೆ ಅವನ ರಕ್ತದ ಸಿನಿಮಾಗಳಿಗೆ ದಾಟಲೇ ಇಲ್ಲ. 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡ, ಆರಂಭದ ಎಷ್ಟೋ ಕೆಲಸ ಕಳೆದೇ ಹೋಗಿದೆ.

ಒಂದೇ ಮನೆ, ಕಡಿಮೆ ದುಡ್ಡು, ಬಯಕೆಯೇ ಭಯ ಅಂದರೆ ನನಗೆ ‘ಹೆಲ್‌ರೇಸರ್’ (1987). ಕ್ಲೈವ್ ಬಾರ್ಕರ್‌ನ ಮೊದಲ ಪೂರ್ಣ ಸಿನಿಮಾ, ಖರ್ಚು ಸುಮಾರು 10 ಲಕ್ಷ ಡಾಲರ್, ಬಹುಪಾಲು ಕಥೆ ಒಂದೇ ಮನೆಯ ಅಟ್ಟ ಮತ್ತು ಮೆಟ್ಟಿಲಲ್ಲಿ. ಅದರಲ್ಲಿ ಬರೋ ಚರ್ಮದ ಉಡುಪಿನ ಸೆನೊಬೈಟ್ ಅನ್ನೋ ಪಿಶಾಚಿಗಳು ಹುಟ್ಟಿದ್ದು ಬಾರ್ಕರ್ ನೋಡಿದ್ದ ಕ್ಲಬ್ಬುಗಳ ಲೋಕದಿಂದ.

ತೊಗರಿ ಹೊಲ:
ನಮ್ಮ ಹಿಂದಿ ಹಾರರ್‌ನ ರಾಮ್ಸೆ ಅಣ್ಣತಮ್ಮಂದಿರನ್ನ ಬಿಟ್ಟು ಅಗ್ಗದ ಹಾರರ್ ಮಾತಾಡೋದು ಹೆಂಗ್ರಿ? ಏಳು ಮಂದಿಯೊಳಗ ಗಂಗೂ ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಎಡಿಟಿಂಗ್, ಕುಮಾರ್ ಬರವಣಿಗಿ, ತುಳಸಿ ಮತ್ತ ಶ್ಯಾಮ್ ನಿರ್ದೇಶನ. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಕ್ಕ ತಂಡ ಪೂರಾ ಮಹಾಬಳೇಶ್ವರಕ್ಕ ಹೋಗಿ ಅಲ್ಲೇ ಅತಿಥಿಗೃಹದಾಗ ಉಳ್ಕೊಂಡು ಅಲ್ಲೇ ಶೂಟಿಂಗ್ ಮಾಡ್ತು. ಸೆಟ್ಟೂ ಅದೇ, ವಸತಿನೂ ಅದೇ. ಪಡಸಾಲಿ ಅವರು ಇದೊಂದು ಕಲೀಬೇಕು: ತಂಡ ವಾಡೆಯೊಳಗೇ ಮಲಗಬೇಕು. ದಿನಾ ಕಲಬುರಗಿಯಿಂದ ಬೀದರ್‌ಕ್ಕ ಓಡಾಡಿದ್ರ 4 ರಾತ್ರಿಯೊಳಗ ಒಂದು ರಾತ್ರಿ ದಾರಿ ಮ್ಯಾಲೇ ಹೋಗ್ತದ.

ಸುರಪುರದಾಕಿ:
ರಾಮ್ಸೆ ಸಿನಿಮಾದಾಗೂ ಬಚ್ಚಲದಾಗ ನಿಲ್ಲೋದು ಹೆಣ್ಣೇ.

ಬಣ್ಣದ ಪೆಟ್ಟಿಗಿ:
ಮೇಕಪ್ ಬಗ್ಗೆ ಯಾರೂ ಬರೆದಿಲ್ಲ, ಸಿನಿಮಾ ಕೆಡೋದು ಅಲ್ಲೇ.

ಬೆವರು: ಗ್ಲಿಸರಿನ್ ಮತ್ತು ನೀರು ಸಮ ಪಾಲು, ಸ್ಪ್ರೇ ಬಾಟಲಿಯಲ್ಲಿ. ನಮ್ಮ ಕಡೆಯ ಒಣ ಹವೆಗೆ ಬರೀ ನೀರು ಒಂದು ಟೇಕ್ ಮುಗಿಯೋದರೊಳಗೆ ಆರಿಹೋಗುತ್ತೆ. ಕೊಬ್ಬರಿ ಎಣ್ಣೆ ಬೇಡ, ಬಟ್ಟೆಗೆ ಕಲೆ ಆಗುತ್ತೆ, ಆಮೇಲೆ ಲೇಟೆಕ್ಸ್ ಹಿಡಿಯಲ್ಲ. ಡಿಸೆಂಬರ್-ಜನವರಿಯಲ್ಲಿ ಬೀದರ್ ಎತ್ತರಕ್ಕೆ ರಾತ್ರಿ ಚಳಿ ಜೋರು, ಬರಿಮೈ ನಟನ ರೋಮ ನಿಂತು ಕ್ಲೋಸಪ್‌ನಲ್ಲಿ ಚರ್ಮ ಗುಳ್ಳೆಗುಳ್ಳೆ ಕಾಣುತ್ತೆ. ಸ್ಪ್ರೇ ಬಾಟಲಿಯನ್ನ ಬಿಸಿನೀರಿನ ಬೋಗುಣಿಯಲ್ಲಿಡಿ, ಶಾಟ್ ನಡುವೆ ಕಂಬಳಿ ಹೊದಿಸಿ. ಏಪ್ರಿಲ್-ಮೇ ಆದರೆ ಬೇರೆ ಕಥೆ: ಜೆಲಾಟಿನ್ ಗಾಯಗಳು ಮೈ ಶಾಖಕ್ಕೆ ಕರಗಿ ಜಾರುತ್ತವೆ.

ಚರ್ಮ ಸುಲಿದ ಹಾಗೆ: ದ್ರವ ಲೇಟೆಕ್ಸ್ ಮತ್ತು ಒಂದೇ ಪದರ ಬಿಡಿಸಿದ ಟಿಶ್ಯೂ, 3-4 ತೆಳು ಪದರ. ಪ್ರತಿ ಪದರವೂ ತಣ್ಣನೆ ಗಾಳಿಯ ಡ್ರೈಯರ್‌ನಲ್ಲಿ ಪೂರ್ತಿ ಆರಬೇಕು. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಗಟ್ಟಿ, ಒಳಗೆ ಹಸಿ, ಎರಡನೇ ಟೇಕ್‌ಗೆ ಕಿತ್ತುಬರುತ್ತೆ. ಎದೆ, ಕೈಯ ರೋಮದ ಮೇಲೆ ನೇರವಾಗಿ ಹಚ್ಚಬಾರದು. ತೆಗೆಯುವಾಗ ರೋಮ ಬೇರುಸಹಿತ ಬರುತ್ತೆ. ಆ ಜಾಗ ಬೋಳಿಸಿ, ಇಲ್ಲವೇ ಮೊದಲು ವ್ಯಾಸಲಿನ್. 24 ಗಂಟೆ ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ ಅಲರ್ಜಿ ನೋಡಿ. ಅಮೋನಿಯಾ ವಾಸನೆ ಇರುತ್ತೆ, ಕಣ್ಣು-ಮೂಗಿನ ಹತ್ತಿರ ಬೇಡ.

ರಕ್ತ: ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 200 ಮಿಲಿ, ನೀರು 40, ಕೆಂಪು ಫುಡ್ ಕಲರ್ 1 ಚಮಚ, ಕೋಕೋ ಪುಡಿ ಅರ್ಧ ಚಮಚ. ಕೋಕೋ ಇಲ್ಲದಿದ್ದರೆ ಶರಬತ್ತಿನ ಹಾಗೆ ಪಾರದರ್ಶಕವಾಗೇ ಉಳಿಯುತ್ತೆ. ಮುಖ್ಯ ವಿಷಯ, ನೀಲಿ ಬೆಳಕಲ್ಲಿ ಕೆಂಪು ರಕ್ತ ಕಪ್ಪು ಡಾಂಬರಿನ ಬಣ್ಣಕ್ಕೆ ತಿರುಗುತ್ತೆ. ರಕ್ತ ಕಾಣಬೇಕಾದ ಶಾಟ್‌ಗೆ ಕಂದೀಲು ಅಥವಾ ಬಿಸಿ ಬಣ್ಣದ ಬಲ್ಬು ಪಕ್ಕದಲ್ಲಿರಲಿ.

ನೆಲ ಶಹಾಬಾದ ಫರ್ಷಿ ಆಗಿದ್ದರೆ ಮೊದಲೇ ಪ್ಲಾಸ್ಟಿಕ್ ಹಾಸಿ. ಪಾಲಿಶ್ ಇಲ್ಲದ ಕಲ್ಲು ಬಣ್ಣ ಕುಡಿಯುತ್ತೆ. ಕಲೆ ತೆಗೆಯೋಕೆ ಅಂತ ಆಸಿಡ್ ಸುರಿದರೆ ಅದು ಸುಣ್ಣದ ಕಲ್ಲು, ನೊರೆ ಬಂದು ಮೇಲ್ಮೈ ತೂತು ಬೀಳುತ್ತೆ. ಮನೆಯವರು ಮತ್ತೆ ಯಾರಿಗೂ ಶೂಟಿಂಗ್‌ಗೆ ಕೊಡಲ್ಲ.

ಪಡಸಾಲಿ:
ಫರ್ಷಿನೇ ಅದ. ಬರ್ಕೊಂಡೆ. ಒಂದೆರಡು ಶಾಟ್ ಬೀದರ್ ಕೋಟಿಯೊಳಗ ತಗೊಂಡ್ರ?

ತೊಗರಿ ಹೊಲ:
ಕೋಟಿ, ಅಷ್ಟೂರ ಗುಂಬಜ, ಗವಾನನ ಮದ್ರಸಾ ಎಲ್ಲಾ ಪುರಾತತ್ವ ಇಲಾಖೆ ಕೈಯಾಗ. ಟ್ರೈಪಾಡ್ ಇಟ್ಟು, ಲೈಟ್ ಹಚ್ಚಿ ಶೂಟಿಂಗ್ ಅಂದ್ರ ಮೊದಲೇ ಲಿಖಿತ ಅನುಮತಿ ಬೇಕು, ಮ್ಯಾಲ ರಾತ್ರಿ ಒಳಗ ಬಿಡಂಗಿಲ್ಲ. 4 ರಾತ್ರಿ ಕೆಲಸಕ್ಕ ಇದನ್ನ ನೆಚ್ಚಬ್ಯಾಡ್ರಿ. ವಾಡೆಯ ಕಮಾನು ಸಾಕು. ಹಂಗೇ ಹತ್ತಿರದ ಠಾಣೆಗೆ ಒಂದು ಪತ್ರ ಕೊಟ್ಟುಬಿಡ್ರಿ. ರಾತ್ರಿ ಹನ್ನೆರಡಕ್ಕ ಚೀರಾಟ ಕೇಳಿ ಓಣಿ ಮಂದಿ ಬಂದು ನಿಂತ್ರ ಆ ರಾತ್ರಿ ಮುಗೀತು.

ರಾತ್ರಿಪಾಳಿ:
ಮನಿ ಮಾಲೀಕರಿಗೆ ಕಥಿ ಹೇಳಬ್ಯಾಡ್ರಿ. ದೆವ್ವದ ಸಿನಿಮಾ ಅಂದ್ರ ಸಾಕು.

ನೋಟಗಾರ:
ಇದಕ್ಕೆ ನನ್ನ ವಿರೋಧ ಇದೆ. ಮಾಲೀಕರಿಗೂ ಹೇಳಿ, ಅದಕ್ಕಿಂತ ಮೊದಲು ನಟರಿಗೆ ಹೇಳಿ. ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಹಾರರ್ ಸರಣಿಯ ಎರಡನೇ ಭಾಗ ‘ಫ್ರೆಡ್ಡೀಸ್ ರಿವೆಂಜ್’ (1985) ಏನಾಯ್ತು ನೋಡಿ. ಹುಡುಗನ ಮೈಯೊಳಗಿಂದ ಏನೋ ಹೊರಬರೋಕೆ ಹವಣಿಸುತ್ತೆ. ಅವನು ಗೆಳತಿಯನ್ನ ಬಿಟ್ಟು ಗೆಳೆಯನ ಕೋಣೆಗೆ ಓಡ್ತಾನೆ. ಜಿಮ್ ಮಾಸ್ತರ್ ಸಾಯೋದು ಸ್ನಾನದ ಕೋಣೆಯಲ್ಲಿ. ನಾಯಕಿ ಕಿರುಚಬೇಕಾದ ಜಾಗದಲ್ಲಿ ಕಿರುಚೋದು ನಾಯಕ. ಬರೆದ ಡೇವಿಡ್ ಚಾಸ್ಕಿನ್ ವರ್ಷಗಟ್ಟಲೆ ಈ ಸಲಿಂಗ ಛಾಯೆ ಉದ್ದೇಶ ಅಲ್ಲ ಅಂತಲೇ ಇದ್ದ. ನಿರ್ದೇಶಕ ಜ್ಯಾಕ್ ಶೋಲ್ಡರ್ ತನಗೆ ಆಗ ಹೊಳೆದೇ ಇರಲಿಲ್ಲ ಅಂದ. ಮಾತೆಲ್ಲ ಬಂದು ಬಿದ್ದದ್ದು ನಟ ಮಾರ್ಕ್ ಪ್ಯಾಟನ್ ತಲೆ ಮೇಲೆ, ಅವನು ಅಭಿನಯಿಸಿದ ರೀತಿಯಿಂದ ಹಾಗಾಯ್ತು ಅಂತ. ಏಡ್ಸ್ ಭೀತಿಯ ಕಾಲ, ಅವನು ಸ್ವತಃ ಸಲಿಂಗಿ. ನಟನೆಯನ್ನೇ ಬಿಟ್ಟುಹೋದ. ಚಾಸ್ಕಿನ್ ಬೇಕಂತಲೇ ಬರೆದೆ ಅಂತ ಒಪ್ಪಿಕೊಂಡಿದ್ದು ಬಹಳ ತಡವಾಗಿ. 2019ರ ‘ಸ್ಕ್ರೀಮ್, ಕ್ವೀನ್!’ ಸಾಕ್ಷ್ಯಚಿತ್ರದಲ್ಲಿ ಪ್ಯಾಟನ್‌ನ ಬಾಯಿಂದಲೇ ಈ ಕಥೆ ಇದೆ.

ಆದ್ದರಿಂದ ಪೂರ್ತಿ ಚಿತ್ರಕಥೆ, ಶಾಟ್ ಪಟ್ಟಿ ಸಮೇತ, ಇಬ್ಬರ ಕೈಗೂ ಕೊಡಿ. ಯಾವ ಶಾಟ್‌ನಲ್ಲಿ ಮೈ ಎಲ್ಲಿವರೆಗೆ ಕಾಣುತ್ತೆ, ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಅಂತ ಬರೆದು ಸಹಿ ಆಗಲಿ. 18 ದಾಟಿದ ಗುರುತಿನ ಚೀಟಿ ನೋಡಿ. ಅಂಥ ಶಾಟ್ ತೆಗೆಯುವಾಗ ಕ್ಯಾಮೆರಾ, ಧ್ವನಿ, ನಿರ್ದೇಶಕ ಬಿಟ್ಟು ಬೇರೆ ಯಾರೂ ಇರಬಾರದು, ಎಲ್ಲರ ಫೋನೂ ಒಂದು ಡಬ್ಬಿಯಲ್ಲಿ. ಅಂಚಿನಲ್ಲಿ ನಿಂತು ಯಾರೋ ತೆಗೆದ 5 ಸೆಕೆಂಡ್ ವಿಡಿಯೊ ವಾಟ್ಸಾಪಿಗೆ ಹೋದರೆ ಸಣ್ಣ ಊರಲ್ಲಿ ಅದು ನಟನ ಬದುಕಿನ ಪ್ರಶ್ನೆ.

ಸುರಪುರದಾಕಿ:
ಇದು ಮಾತು. ತೋರಿಸೋದು ಎಲ್ಲಿ ಅಂತನೂ ಆ ಕಾಗದದಾಗ ಬರೀಬೇಕು. ಒಬ್ಬ ನಟ ಚಿತ್ರೋತ್ಸವಕ್ಕ ಹೂಂ ಅಂದು ಯೂಟ್ಯೂಬಿಗೆ ಬ್ಯಾಡ ಅನ್ನಬಹುದು.

ಕಾಗಿಣಾ ದಂಡಿ:
ಕಾನೂನಿನ ಲೆಕ್ಕ: ಸಲಿಂಗ ಸಂಬಂಧನ ಅಪರಾಧ ಅಂತಿದ್ದ 377ನೇ ಕಲಮಿನ ಮ್ಯಾಲ ತೀರ್ಪು 2018ರ ಸೆಪ್ಟೆಂಬರ್ 6ಕ್ಕ ಬಂದದ, ವಿಷಯ ಅಪರಾಧ ಅಲ್ಲ. ಥೇಟರ್‌ನ್ಯಾಗ ಸಾರ್ವಜನಿಕವಾಗಿ ತೋರಿಸಬೇಕಂದ್ರ ಸೆನ್ಸಾರ್ ಪ್ರಮಾಣಪತ್ರ ಬೇಕು, ಆನ್‌ಲೈನ್‌ಕ್ಕ ಬ್ಯಾಡ. ಮುಂಬೈಯ ಕಶಿಶ್ ಉತ್ಸವ 2010ರಿಂದ ಇಂಥ ಚಿತ್ರಕ್ಕಂತನೇ ನಡೀತದ, ಬೆಂಗಳೂರಿನ್ಯಾಗೂ ಕ್ವಿಯರ್ (ಲೈಂಗಿಕ ಅಲ್ಪಸಂಖ್ಯಾತರ) ಚಿತ್ರೋತ್ಸವ ಅದ. ಕನ್ನಡದಾಗ, ಅದೂ ನಮ್ಮ ಕಡಿ ಮಾತಿನ್ಯಾಗ ಇಂಥ ಹಾರರ್ ಬಂದ್ರ ಎದ್ದು ಕಾಣ್ತದ. ಇಂಗ್ಲಿಷ್ ಸಬ್‌ಟೈಟಲ್ ಮರೀಬ್ಯಾಡ್ರಿ.

ಹಳೇ ಪ್ರೊಜೆಕ್ಟರ್:
ಧ್ವನಿ ಬಗ್ಗೆ ಎರಡು ಮಾತು. ಡಿಕೋಟೊ ಗುಡುಗು ಅಷ್ಟೊಂದು ಹಾಕೋದರಿಂದ ಒಂದು ಲಾಭ ಇದೆ, ಶಾಟ್‌ನಿಂದ ಶಾಟ್‌ಗೆ ಬದಲಾಗೋ ಹಿನ್ನೆಲೆ ಸದ್ದು ಮುಚ್ಚಿಹೋಗುತ್ತೆ. ಕಲ್ಲಿನ ಪಡಸಾಲೆ ಗುಂಯ್ ಅನ್ನುತ್ತೆ. ಕ್ಯಾಮೆರಾ ಹಿಂದೆ, ಎರಡೂ ಪಕ್ಕ, ಸಿಕ್ಕಷ್ಟು ಕೌದಿ ತೂಗುಹಾಕಿ, ಗೋಡೆಯಿಂದ ಒಂದು ಗೇಣು ದೂರ ಇರಲಿ, ಅಂಟಿಸಿದರೆ ಅಷ್ಟು ಹೀರಲ್ಲ. ಪ್ರತಿ ಜಾಗದಲ್ಲೂ 30 ಸೆಕೆಂಡ್ ಖಾಲಿ ಸದ್ದು ತಗೊಳ್ಳಿ. ಬರಿಗಾಲಿನ ನಡಿಗೆಗೆ ಫರ್ಷಿ ಮೇಲೆ ಸದ್ದೇ ಬರಲ್ಲ. ಆಮೇಲೆ ಅದೇ ಕಲ್ಲಿನ ಮೇಲೆ ಒದ್ದೆ ಅಂಗೈ ತಟ್ಟಿ ಬೇರೆಯಾಗಿ ದಾಖಲಿಸಿ, ಒದ್ದೆ ಪಾದಕ್ಕಿಂತ ಚೆನ್ನಾಗಿ ಕೇಳುತ್ತೆ.

ಪಡಸಾಲಿ:
ಫಾಗ್ ಮಷಿನ್ ಬಾಡಿಗಿಗಿ ಸಿಗ್ತದ. ವಾಡೆಯೊಳಗ ಕರೆಂಟ್ ಹೋದ್ರ ಇನ್ವರ್ಟರ್ ಮ್ಯಾಲ ನಡೀತದೇನ್ರಿ?

ಗುಡ್ಡದ ಯಾದಗಿರಿ:
ಇಲ್ಲ. ಸಣ್ಣ ಫಾಗ್ ಮಷಿನ್‌ನ ಹೀಟರೇ 900-1000 ವ್ಯಾಟ್ ಎಳೆಯುತ್ತೆ, ಮನೆಯ ಸಾದಾ ಇನ್ವರ್ಟರ್ ಟ್ರಿಪ್ ಆಗುತ್ತೆ. ಕರೆಂಟ್ ಇದ್ದಾಗಲೇ ಕೋಣೆಗೆ ಹೊಗೆ ತುಂಬಿಸಿ, ಬಾಗಿಲು ಕಿಟಕಿ ಹಾಕಿ, ಫ್ಯಾನ್ ಬಂದ್. 2-3 ನಿಮಿಷ ಬಿಟ್ಟರೆ ಮೋಡದ ಮುದ್ದೆ ಹೋಗಿ ತೆಳ್ಳಗೆ ಹರಡುತ್ತೆ, ಆಗ ತೆಗೆಯಿರಿ. ಲೋಬಾನ ಹಾಕಿದರೂ ಆಗುತ್ತೆ, ಆದರೆ ನಟರಿಗೆ ಉಬ್ಬಸ ಇದೆಯಾ ಕೇಳಿಕೊಳ್ಳಿ. ಪ್ಯಾನೆಲ್‌ಗಳಿಗೆ ಎನ್‌ಪಿ-ಎಫ್970 ಬ್ಯಾಟರಿ ನೋಡಿ. ಒಂದರಲ್ಲಿ ಸುಮಾರು 47 ವ್ಯಾಟ್-ಅವರ್. 60 ವ್ಯಾಟಿನ ಪ್ಯಾನೆಲ್‌ಗೆ ಎರಡು ಹಾಕಿದರೆ ಪೂರ್ತಿ ಬೆಳಕಲ್ಲಿ ಒಂದೂವರೆ ಗಂಟೆ ಬರುತ್ತೆ, ಅರ್ಧಕ್ಕೆ ಇಳಿಸಿದರೆ ಮೂರು. ನಿಮಗೆ 8 ಬ್ಯಾಟರಿ ಬೇಕು: 4 ಉರಿಯೋಕೆ, 4 ಚಾರ್ಜ್‌ಗೆ.